ಐದನೆಯ ಗಂಟೆ

ರೂವಿಯ ಬಸ್ ನಿಲ್ದಾಣದ ಹಿಂದೆ, ಹಮ್ಮಬ್ಬನ ಜ್ಯೂಸ್ ಅಂಗಡಿಯಲ್ಲಿ
ಹಣ್ಣಿನ ಲೆಕ್ಕ ಅವನದು, ಸಿಪ್ಪೆಯ ಲೆಕ್ಕ ನನ್ನದು.
ಬುಧವಾರ ರಾತ್ರಿ, ಶಟರು ಅರ್ಧ ಇಳಿದ ಮೇಲೆ
ಎರಡು ಚೀಲ: ಒಂದರಲ್ಲಿ ಕಿತ್ತಳೆ, ಒಂದರಲ್ಲಿ ಮೂಸಂಬಿ.
ಬೆರೆಸಬೇಡ ಎಂದಿದ್ದೆ ಮೊದಲ ವಾರ. ಈವರೆಗೆ ಬೆರೆಸಿಲ್ಲ.
ಈಜಿಪ್ಟಿನದು ಬೇರೆ, ದಕ್ಷಿಣ ಆಫ್ರಿಕಾದ್ದು ಬೇರೆ ಎಂದು
ಪೆಟ್ಟಿಗೆಯ ಸ್ಟಿಕ್ಕರು ಕಿತ್ತು ಚೀಲಕ್ಕೆ ಅಂಟಿಸಿರುತ್ತಾನೆ.
"ಕಸಕ್ಕೂ ಪಾಸ್‌ಪೋರ್ಟ್ ಬೇಕಲ್ಲ ಡಾಕ್ಟ್ರಮ್ಮಾ."

ನಾನು ಡಾಕ್ಟರಲ್ಲ. ಇಲಿಗಳ ಕಾಲು ಅಳೆಯುವವಳು.

ಸಿಪ್ಪೆ ನೆರಳಲ್ಲಿ ಒಣಗಬೇಕು.
ಇಲ್ಲಿ ನೆರಳಿಗೂ ನಲವತ್ತೊಂದು ಡಿಗ್ರಿ,
ಎರಡೇ ದಿನಕ್ಕೆ ಹಪ್ಪಳ.
ಪುಡಿ ಮಾಡಿ, ಮದ್ಯಸಾರದಲ್ಲಿ ನೆನೆಹಾಕಿ, ಸೋಸಿ,
ತಿರುಗುವ ಗಾಜಿನ ಬುರುಡೆಯಲ್ಲಿ ಆವಿ ಹಾರಿಸಿದರೆ
ತಳದಲ್ಲಿ ಉಳಿಯುವುದು ಆನೆಬೆಲ್ಲದಂಥ ಒಂದು ಅಂಟು.
ಅಮ್ಮ ಸಿಪ್ಪೆಗೊಜ್ಜಿಗೆ ಹುರಿಯುವಾಗ
ಮೂಗಿಗೆ ಹತ್ತುತ್ತಿದ್ದ ಅದೇ ಕಹಿ.
ಹೆಸ್ಪೆರಿಡಿನ್ ಅವಳಿಗೆ ಗೊತ್ತಿರಲಿಲ್ಲ;
ಎಷ್ಟು ಬೆಲ್ಲಕ್ಕೆ ಕಹಿ ಬಾಯಿ ಮುಚ್ಚುತ್ತದೆ, ಗೊತ್ತಿತ್ತು.

ಇನ್ನು ಊತ. ಅದನ್ನು ನಾವೇ ಬರಿಸುತ್ತೇವೆ.
ಕಡಲಪಾಚಿಯಿಂದ ತೆಗೆದ ಲೋಳೆ,
ಐಸ್‌ಕ್ರೀಮಿಗೆ ಹಾಕುತ್ತಾರಲ್ಲ, ಆ ಜಾತಿಯದೇ,
ಸೂಜಿಯಲ್ಲಿ ಹಿಂಗಾಲಿನ ಪಾದಕ್ಕೆ.
ಗಂಟೆಯೊಳಗೆ ಕೆಂಪು, ಬಿಸಿ, ದಪ್ಪ.
ಕಚ್ಚುವ ಹೊಸ ಚಪ್ಪಲಿ ಮೆಟ್ಟಿದ ಮಗುವಿನ ಹಾಗೆ
ಕಾಲೆತ್ತಿ ನಿಲ್ಲುತ್ತದೆ ಇಲಿ.
ಪಾದವನ್ನು ನೀರಿನ ನಳಿಗೆಯಲ್ಲಿ ಅದ್ದಿ
ನೀರು ಎಷ್ಟು ಏರಿತೆಂದು ಬರೆಯುತ್ತೇನೆ.
ನೋವಿಗೆ ನನ್ನ ಬಳಿ ಇರುವ ಅಳತೆ ಇಷ್ಟೇ:
ಅದು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ.

ಮೊದಲ ಗಂಟೆ: ವ್ಯತ್ಯಾಸವಿಲ್ಲ.
ಮೂರನೆಯದು: ಇರಬಹುದೇನೋ.
ಐದನೆಯದರಲ್ಲಿ, ಸಿಪ್ಪೆಯ ಸಾರ ಕುಡಿದ ಆರು ಇಲಿಗಳಿಗೆ
ನೀರು ಕೂದಲೆಳೆಯಷ್ಟು ಕೆಳಗೆ.
ಪ್ರೊಫೆಸರ್ ಬುಸೈನಾ ಕನ್ನಡಕ ಹಣೆಗೇರಿಸಿ
"ಹೇಳಬಹುದು" ಎಂದರು. "ಜೋರಾಗಿ ಬೇಡ."

ಹಮ್ಮಬ್ಬನಿಗೆ ಮೆಲ್ಲಗೇ ಹೇಳಿದೆ.
ಬಲಗೈ ಮುಂದೆ ಮಾಡಿದ. ಹತ್ತೊಂಬತ್ತು ವರ್ಷ
ಜ್ಯೂಸಿನ ಹಿಡಿಕೆ ಎಳೆದ ಕೈ,
ಗೆಣ್ಣುಗಳೆಲ್ಲ ಹಸಿಶುಂಠಿಯ ಕೊಂಬು.
"ಇಲಿಗೆ ಇಳಿದದ್ದು ನನಗೆ ಇಳಿಯುದಿಲ್ವಾ?"
ಇಲಿಯ ತೂಕ ಬೇರೆ, ನಿನ್ನದು ಬೇರೆ ಎಂದೆ.
ಲಿವರ್ ಬೇರೆ, ನೀನು ನುಂಗುವ ಬಿಪಿ ಮಾತ್ರೆ ಬೇರೆ,
ಮೂರು ತಾಸಿನ ಊತ ಬೇರೆ, ಹತ್ತು ವರ್ಷದ್ದು ಬೇರೆ.
ಸಕ್ಕರೆ ಬೇಡ ಎನ್ನುವ ಗಿರಾಕಿಯ ಮಾತಿಗೆ
ತಲೆಯಾಡಿಸುವಂತೆ ತಲೆಯಾಡಿಸಿದ.

ಮರುವಾರ ಚೀಲ ಹಗುರ.
ಲ್ಯಾಬಿನ ತಕ್ಕಡಿ ಸುಳ್ಳು ಹೇಳುವುದಿಲ್ಲ: ನಾನೂರು ಗ್ರಾಂ ಕಡಿಮೆ.
ಆ ಮುಂದಿನ ವಾರ ಕೌಂಟರಿನ ಕೆಳಗೆ ಬಗ್ಗಿ ನೋಡಿದೆ.
ಕೆಟಲ್ಲು. ಅದರ ಮೂತಿಯಲ್ಲಿ ಕಿತ್ತಳೆಯ ಆವಿ.

"ಕಡಿಮೆ ಉಂಟಾ?"
"ಸ್ವಲ್ಪ ಉಂಟು. ಅಂಗಿಯ ಗುಂಡಿ ಹಾಕ್ಲಿಕ್ಕೆ ಆಗ್ತದೆ ಈಗ, ಬೆಳಿಗ್ಗೆ."

ಬರೆದುಕೊಳ್ಳಲಿಲ್ಲ.
ಒಬ್ಬನೇ ಮನುಷ್ಯ, ಅದೂ ಗುಣವಾಗಲೆಂದು ಆಸೆಪಟ್ಟವನು;
ಆ ಕಾಲಂ ನಮ್ಮ ಪುಸ್ತಕದಲ್ಲಿಲ್ಲ.
ಮೇಲಾಗಿ ಮೂಲೆಯಲ್ಲಿ ಮಿಣಮಿಣ ಮಿನುಗುತ್ತಿತ್ತು
ಕಳೆದ ತಿಂಗಳು ಅರ್ಬಾಬು ತಂದಿಟ್ಟ ಮೋಟಾರು ಯಂತ್ರ.
ಹಿಡಿಕೆ ಎಳೆಯುವುದಿಲ್ಲ ಈಗ ಹಮ್ಮಬ್ಬ,
ಗುಂಡಿ ಒತ್ತುತ್ತಾನೆ.
ಯಾವ ಗುಂಡಿಗೆ ಯಾವ ಗುಂಡಿ ಕಾರಣ?
ಬರೀ ನೀರು ಕುಡಿದ ಆರು ಇಲಿಗಳ ಪಾದವೂ
ಮಾರನೆಯ ಬೆಳಿಗ್ಗೆ ಇಳಿದಿತ್ತು
ಎಂಬುದನ್ನೂ ನಾನು ಅವನಿಗೆ ಹೇಳಿಲ್ಲ.

ಕೇಳದೆಯೇ ನನಗೊಂದು ಲೋಟ ಬಗ್ಗಿಸಿದ.
ಕೀಲಿಮಣೆ ಕುಟ್ಟಿ ಕುಟ್ಟಿ ನನ್ನ ಮಣಿಕಟ್ಟೂ
ಈಚೆಗೆ ಸ್ವಲ್ಪ. ಯಾರಿಗೂ ಹೇಳಿರಲಿಲ್ಲ.

"ಕಹಿ" ಎಂದೆ. "ಬೆಲ್ಲ ಹಾಕು."
"ಬೆಲ್ಲ ಎಲ್ಲಿಂದ ತರುದು ಮಾರಾಯ್ತಿ," ಎಂದ,
"ಖರ್ಜೂರ ಉಂಟು. ಕಚ್ಚಿಕೊಂಡು ಕುಡಿ."